ಎರಡನೇ ಸಲ ಕರೆಯುವುದು

ನನಗೆ ಪ್ರಚಾರ ಮಾಡುವುದು ಬರುತ್ತದೆ. ಜಂಬದ ಮಾತು ಅನ್ನಿಸಿದರೆ ಅನ್ನಿಸಲಿ, ಆ ಜಂಬಕ್ಕೆ ಆಧಾರವಿದೆ. ಸಿಂಗಪುರದ ತಂಜಾಂಗ್ ಪಗಾರ್‌ನ ಆಫೀಸೊಂದರಲ್ಲಿ ಕೂತು, ಯಾರೂ ತಿರುಗಿ ನೋಡದ ಸಂಗತಿಗಳನ್ನು ಜನರ ಕಣ್ಣಿಗೆ ಬೀಳಿಸುವುದೇ ಈಗ ನನ್ನ ಹೊಟ್ಟೆಪಾಡು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ, ಕಾಲೇಜಿನಲ್ಲಿ ಎನ್ನುತ್ತೇನೆ. ಒಂಬತ್ತೇ ಜನರಿದ್ದ ಒಂದು ಹುಡುಗಿಯರ ಸಂಘ ಇಡೀ ಕ್ಯಾಂಪಸ್ಸಿಗೆ ಪರಿಚಯವಾದ ಕಥೆಯನ್ನು ಕೈಬಾಯಿ ತಿರುಗಿಸುತ್ತ ಹೇಳುತ್ತೇನೆ. ಆದರೆ ಹೇಳುವಾಗ ಒಂದು ಭಾಗವನ್ನು ಯಾವಾಗಲೂ ಹಾರಿಸಿಬಿಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಅದನ್ನು.

ಸಂಘವನ್ನು ಕಟ್ಟಿದ್ದು ನಾನಲ್ಲ. ನಾನು ಸೇರುವುದಕ್ಕೆ ಕೆಲವು ವರ್ಷ ಮೊದಲು, ಅಮೆರಿಕದಲ್ಲಿ ಒಂದು ಸೆಮಿಸ್ಟರ್ ಓದಿ ಬಂದ ಸೀನಿಯರ್ ಒಬ್ಬಳು ಅಲ್ಲಿಯ ಸೊರೊರಿಟಿ ಎನ್ನುವ ಹುಡುಗಿಯರ ಸಂಘಗಳನ್ನು ನೋಡಿ, ಅಂಥದ್ದೇ ಒಂದು ಇಲ್ಲೂ ಇರಲಿ ಎಂದು ಶುರುಮಾಡಿದ್ದಳಂತೆ. ನಮ್ಮ ಯೂನಿವರ್ಸಿಟಿಯಲ್ಲಿ ಅದು ಯಾರಿಗೂ ಗೊತ್ತಿಲ್ಲದ ವಸ್ತು. ಗ್ರೀಕ್ ಅಕ್ಷರ, ಗುಟ್ಟಿನ ಪ್ರಮಾಣ ಇತ್ಯಾದಿ ಯಾವ ವೇಷವೂ ನಮಗಿರಲಿಲ್ಲ. ಸೇರಿದ ಪ್ರತಿ ಹೊಸ ಹುಡುಗಿಗೆ ಹಿರಿಯರಲ್ಲಿ ಒಬ್ಬಳು ಅಕ್ಕನಾಗುತ್ತಿದ್ದಳು, ಅಷ್ಟೆ. ಜೊತೆಗೆ ಹಾಸ್ಟೆಲಿನ ನೆಲಮಹಡಿಯಲ್ಲಿ, ಬಟ್ಟೆ ಒಗೆಯುವ ಮೆಷೀನುಗಳ ಪಕ್ಕದಲ್ಲಿ, ನಮಗೊಂದು ಪುಟ್ಟ ರೂಮು ಕೊಟ್ಟಿದ್ದರು. ಒಂದು ಹಳೇ ಸೋಫಾ, ಒಂದು ಕೆಟಲ್, ಒಂದು ಹಳದಿ ಪರದೆ. ಮನೆ ನೆನಪಾದವರು, ಪರೀಕ್ಷೆ ಕೆಡಿಸಿಕೊಂಡವರು, ರೂಮ್‌ಮೇಟ್ ಜೊತೆ ಮುನಿಸಿಕೊಂಡವರು ಅಲ್ಲಿ ಬಂದು ಕೂರುತ್ತಿದ್ದರು. ಯಾಕೆ ಬಂದೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರಾದರೊಬ್ಬರು ಎದ್ದು ನೀರು ಕಾಯಿಸಲು ಇಡುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಜ್ವರದಿಂದ. ನಮ್ಮದು ಮೈಸೂರಿನ ಕಡೆಯ ಮನೆ. ಅಪ್ಪ ಎಂಜಿನಿಯರ್ ಆಗಿ ಇಲ್ಲಿಗೆ ಬಂದಾಗ ನನಗೆ ನಾಲ್ಕು ವರ್ಷ, ಆಮೇಲೆ ಬೆಳೆದದ್ದೆಲ್ಲ ಬುಕಿತ್ ಬಾಟೋಕ್‌ನಲ್ಲಿ. ಮನೆಯಿಂದ ಕಾಲೇಜಿಗೆ ಒಂದು ಗಂಟೆಯ ದಾರಿಯಾದರೂ ಹಟ ಮಾಡಿ ಹಾಸ್ಟೆಲ್ ಸೇರಿದ್ದೆ. ಹಾಗಾಗಿ ಮೊದಲ ತಿಂಗಳೇ ಜ್ವರ ಬಂದಾಗ ಅಮ್ಮನಿಗೆ ಫೋನ್ ಮಾಡುವುದಕ್ಕೆ ಮಾನ ಅಡ್ಡ ಬಂತು. ಪಕ್ಕದ ರೂಮಿನಲ್ಲಿ ಬೆಡೋಕ್‌ನ ಚೀನೀ ಹುಡುಗಿಯೊಬ್ಬಳಿದ್ದಳು, ನನಗಿಂತ ಒಂದು ವರ್ಷ ಮುಂದೆ. ಅವಳು ಅಕ್ಕಿ ಗಂಜಿ ತಂದು ಬಾಗಿಲು ತಟ್ಟಿದಳು. ಬೇಡ, ಪರವಾಗಿಲ್ಲ ಎಂದು ಒಳಗಿನಿಂದಲೇ ಹೇಳಿ ಕಳಿಸಿದೆ. ಮಾರನೇ ದಿನವೂ ಬಂದಳು, ಮತ್ತೆ ಬೇಡ ಎಂದೆ. ಮೂರನೇ ದಿನ ಬಾಗಿಲು ತೆಗೆದೆ. ಆ ಗಂಜಿ ಕುಡಿದ ಮೇಲೆ ಅವಳು ನನ್ನ ಅಕ್ಕ, ನಾನು ಸಂಘದವಳು.

ಎರಡು ವರ್ಷದ ನಂತರ ನಾನು ಸಂಘದ ಅಧ್ಯಕ್ಷೆ, ಅವಳು ಕಾರ್ಯದರ್ಶಿ. ಆ ಬೇಸಿಗೆಯಲ್ಲಿ ಒಂದು ದೊಡ್ಡ ಗುಂಪು ಪದವಿ ಮುಗಿಸಿ ಹೊರಟುಹೋಗಿ, ಉಳಿದವರು ಒಂಬತ್ತು ಜನ. ಆಗಸ್ಟಿನಲ್ಲಿ ಕಾಲೇಜು ತೆರೆಯುತ್ತಲೇ ವಿದ್ಯಾರ್ಥಿ ವ್ಯವಹಾರಗಳ ಆಫೀಸಿನಿಂದ ಒಂದು ಮೇಲ್ ಬಂತು. ಎರಡನೇ ವಾರದ ಶುಕ್ರವಾರ ಸಂಜೆ ಐದರೊಳಗೆ ಹದಿನೈದು ಜನ ಸದಸ್ಯರಿಲ್ಲದ ಸಂಘಗಳು ರೂಮು ತೆರವು ಮಾಡಬೇಕು, ರೂಮಿಗಾಗಿ ಕಾಯುತ್ತಿರುವ ಬೇರೆ ಸಂಘಗಳಿವೆ ಎಂದು ಅದರಲ್ಲಿತ್ತು. ಬೆಡೋಕ್‌ನವಳ ಮುಖ ಸಪ್ಪಗಾಯಿತು. ನಾನು ಮಾತ್ರ, ಆರು ಜನ ತಾನೆ, ಆರು ಜನರನ್ನು ತರಲಾಗದಿದ್ದರೆ ನಾನ್ಯಾಕೆ ಅಧ್ಯಕ್ಷೆ ಎಂದೆ. ನನಗೆ ನಿಜವಾಗಿಯೂ ಹೆದರಿಕೆ ಇರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಹೆದರಿಕೆ ಎನ್ನುವುದು ತಯಾರಿ ಮಾಡದವರ ಸಮಸ್ಯೆ.

ತಯಾರಿಯನ್ನು ಚೆನ್ನಾಗಿಯೇ ಮಾಡಿದೆ. ಎಲ್ಲರಿಗೂ ಹಳದಿ ಟೀ ಶರ್ಟು ಹಾಕಿಸಿದೆ. ನೀಲಿ, ಕಪ್ಪು, ಬೂದು ಬಟ್ಟೆಯ ಆ ಕ್ಯಾಂಪಸ್ಸಿನಲ್ಲಿ ಹಳದಿ ಅರ್ಧ ಮೈಲಿಯಿಂದ ಕಾಣುತ್ತಿತ್ತು. ಕ್ಲಬ್ಬುಗಳ ಮೇಳದಲ್ಲಿ ನಮಗೆ ಸಿಕ್ಕಿದ್ದು ದೋಣಿ ಸ್ಪರ್ಧೆಯವರ ಮಗ್ಗುಲಿನ ಮೇಜು. ಅವರು ಹತ್ತು ನಿಮಿಷಕ್ಕೊಮ್ಮೆ ಡೋಲು ಬಡಿಯುತ್ತಿದ್ದರು. ಉಳಿದವರು ದೂರು ಕೊಡೋಣ ಎಂದರೆ ನಾನು ಬೇಡವೆಂದೆ. ಡೋಲು ಕೇಳಿ ತಿರುಗಿದವರ ಕಣ್ಣಿಗೆ ಮೊದಲು ಬೀಳುವುದು ನಮ್ಮ ಹಳದಿ. ಎಲ್ಲಕ್ಕಿಂತ ನನಗೆ ಹೆಮ್ಮೆಯೆನಿಸಿದ್ದು ಬೋರ್ಡು. ಬ್ಯಾಡ್ಮಿಂಟನ್‌ನವರು ಎಸೆದಿದ್ದ, ಅಂಕಿ ಮಗುಚುವ ಹಳೇ ಸ್ಕೋರ್ ಬೋರ್ಡನ್ನು ಒರೆಸಿ, ಹಾಸ್ಟೆಲಿನ ಲಿಫ್ಟಿನ ಎದುರು ನಿಲ್ಲಿಸಿದೆ. ಎಡಗಡೆ ಎಷ್ಟು ಜನ ಸೇರಿದ್ದಾರೆ, ಬಲಗಡೆ ಎಷ್ಟು ಬೇಕು. ಒಂಬತ್ತು, ಹದಿನೈದು. ಲಿಫ್ಟಿಗೆ ಕಾಯುವವರಿಗೆ ಬೇರೆ ನೋಡುವುದಕ್ಕೆ ಏನಿರುತ್ತದೆ? ಎರಡೇ ದಿನದಲ್ಲಿ ನಮ್ಮ ಅಂಕಿ ಹಾಸ್ಟೆಲಿಗೆಲ್ಲ ಬಾಯಿಪಾಠವಾಯಿತು.

ಒಂದು ನಿಯಮವನ್ನೂ ಮಾಡಿದ್ದೆ. ಮೇಜಿನ ಹತ್ತಿರ ಬಂದವರನ್ನು ಒಂದೇ ಸಲ ಕೇಳಬೇಕು. ಇಲ್ಲ ಎಂದರೆ ನಕ್ಕು, ಒಂದು ಸ್ಟಿಕ್ಕರ್ ಕೊಟ್ಟು ಬಿಟ್ಟುಬಿಡಬೇಕು. ಮೊದಲ ವರ್ಷ ಕ್ಲಬ್ಬಿನವರೆಲ್ಲ ನನ್ನ ಬೆನ್ನು ಹತ್ತಿ ಪ್ರಾಣ ತಿಂದದ್ದು ನೆನಪಿತ್ತು. ನಾವು ಹಾಗಲ್ಲ, ನಮಗೊಂದು ಮರ್ಯಾದೆಯಿದೆ ಎಂದು ಎಲ್ಲರನ್ನೂ ಕೂರಿಸಿ ಹೇಳಿಕೊಟ್ಟೆ. ಈ ನಿಯಮವನ್ನು ಈಗಲೂ ಕೆಟ್ಟದ್ದು ಎನ್ನಲಾರೆ.

ಎರಡನೇ ವಾರದ ಸೋಮವಾರ ಆ ಹುಡುಗಿ ಬಂದಳು. ಮೊದಲ ವರ್ಷದವಳು ಎನ್ನುವುದು ಕತ್ತಿನಲ್ಲಿ ಇನ್ನೂ ನೇತಾಡುತ್ತಿದ್ದ ಗುರುತಿನ ಚೀಟಿಯಿಂದಲೇ ತಿಳಿಯುತ್ತಿತ್ತು. ಫೋನಿನಲ್ಲಿ ಊಟ ಆಯ್ತಮ್ಮ, ಅನ್ನ ಸಿಗುತ್ತೆ ಎನ್ನುತ್ತ ಬಂದು ನಮ್ಮ ಮೇಜಿನ ಮುಂದೆ ನಿಂತಳು. ನನಗೆ ಖುಷಿಯಾಗಿ ಕನ್ನಡದಲ್ಲೇ ಮಾತಾಡಿಸಿದೆ. ಮೈಸೂರಿನವಳು, ಸ್ಕಾಲರ್‌ಶಿಪ್ ಮೇಲೆ ಬಂದವಳು, ಇರುವುದು ನಮ್ಮದೇ ಹಾಸ್ಟೆಲಿನ ಮೂರನೇ ಮಹಡಿಯಲ್ಲಿ. ಸಂಘದ ವಿಷಯವನ್ನೆಲ್ಲ ಕೇಳಿಸಿಕೊಂಡಳು. ಸೇರುತ್ತೀಯಾ ಎಂದೆ.

“ಇಲ್ಲ ಅಕ್ಕ, ಸುಮ್ನೆ ನೋಡ್ಕೊಂಡ್ ಹೋಗೋಣ ಅಂತ ಬಂದೆ.”

“ಓಕೆ, ನೋ ಪ್ರೆಶರ್” ಎಂದು ಸ್ಟಿಕ್ಕರ್ ಕೊಟ್ಟೆ. ಮಂಗಳವಾರವೂ ಬಂದಳು. ರೂಮು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಅಲ್ಲಿ ಬರೀ ಕೂತಿರಬಹುದಾ ಎಂದೆಲ್ಲ ವಿಚಾರಿಸಿದಳು. ಹೇಳಿದೆ. ನಿಯಮದ ಪ್ರಕಾರ ಇನ್ನೊಮ್ಮೆ ಕೇಳಲಿಲ್ಲ. ಬುಧವಾರ ಬಂದಾಗ ಮೇಜಿನ ಮೇಲೆ ಮಡಿಸಿಟ್ಟಿದ್ದ ಟೀ ಶರ್ಟನ್ನು ಮುಟ್ಟಿ ನೋಡಿ, ಬಟ್ಟೆ ಚೆನ್ನಾಗಿದೆ ಎಂದಳು. ನಾನು ಇನ್ನೊಂದು ಸ್ಟಿಕ್ಕರ್ ಕೊಟ್ಟೆ. ಅವಳು ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತು ಹೋದಳು. ಅಷ್ಟರಲ್ಲಿ ನಮ್ಮ ಬೋರ್ಡಿನ ಅಂಕಿ ಹದಿನಾಲ್ಕಕ್ಕೆ ಬಂದಿತ್ತು. ಇನ್ನೊಬ್ಬಳು ತಾನೆ ಎಂದು ನಾನು ಆರಾಮಾಗಿದ್ದೆ.

ಗುರುವಾರ ಸಂಜೆಯವರೆಗೂ ಆ ಇನ್ನೊಬ್ಬಳು ಸಿಗಲಿಲ್ಲ. ಸಂಜೆ ನಾನು ಬುಕಿತ್ ಬಾಟೋಕ್‌ಗೆ ಹೋಗಲೇಬೇಕಿತ್ತು. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಕರೆಯಲು ಅಮ್ಮನ ಜೊತೆ ಮನೆಮನೆಗೆ ಹೋಗುವುದು ಚಿಕ್ಕಂದಿನಿಂದ ನನ್ನ ಪಾಲಿಗೆ ಬಂದ ಕೆಲಸ. ಕರೆಯಬೇಕಾದ ಆಂಟಿಯರೆಲ್ಲ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಒಂದು ಮೆಸೇಜ್ ಹಾಕಿದರೆ ಮುಗಿಯಿತು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಮೆಸೇಜ್ ಹಾಕೋದು ತಿಳಿಸೋದಕ್ಕೆ, ಕರೆಯೋದಕ್ಕೆ ಕಾಲಲ್ಲಿ ನಡೆದು ಹೋಗಬೇಕು ಎಂದು ಅಮ್ಮ ಪ್ರತಿ ವರ್ಷ ಹೇಳುತ್ತಾಳೆ. ಕುಂಕುಮದ ಭರಣಿ ಹಿಡಿದು ನಾವು ಬ್ಲಾಕಿನಿಂದ ಬ್ಲಾಕಿಗೆ, ಲಿಫ್ಟಿನಿಂದ ಲಿಫ್ಟಿಗೆ ಹೊರಟೆವು.

ಎದುರು ಬ್ಲಾಕಿನ ಆಂಟಿ ಬಾಗಿಲಲ್ಲೇ ಕೈ ಚೆಲ್ಲಿದರು. ಶುಕ್ರವಾರ ಸಂಜೆ ಆಫೀಸಿನ ಕಾಲ್ ಇದೆಯಂತೆ, ಈ ಸಲ ಬಿಟ್ಟುಬಿಡಿ ಎಂದರು. ನಾನಾಗಿದ್ದರೆ ಸ್ಟಿಕ್ಕರ್ ಕೊಟ್ಟು ಲಿಫ್ಟಿನ ಗುಂಡಿ ಒತ್ತಿರುತ್ತಿದ್ದೆ. ಅಮ್ಮ ಕದಲಲಿಲ್ಲ. ಅವರ ಮಗಳ ಟ್ಯೂಷನ್, ಮಂಡಿನೋವು ಎಲ್ಲ ವಿಚಾರಿಸಿ, ಚಪ್ಪಲಿ ಮೆಟ್ಟುತ್ತ, ಕಾಲ್ ಮುಗಿಸಿಕೊಂಡೇ ಬನ್ನಿ, ಕುಂಕುಮ ತಗೊಂಡು ಹೋಗೋರಂತೆ ಎಂದಳು. ಆಂಟಿಯ ಮುಖ ಅರಳಿತು. ನೀವು ಇಷ್ಟು ಹೇಳಿದ ಮೇಲೆ ಬರದೆ ಇರ್ತೀನಾ ಎಂದರು. ವರ್ಷವರ್ಷವೂ ಇದೇ ನಾಟಕ ನೋಡಿ ನನಗೆ ರೇಗುತ್ತಿತ್ತು. ಬರುವ ಮನಸ್ಸಿದ್ದರೆ ಮೊದಲೇ ಹೂಂ ಎನ್ನಬಾರದೇ?

ಆ ದಿನ ಯಾಕೋ ರೇಗಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಅಮ್ಮನಿಗೆ ಮೈಸೂರಿನ ಹುಡುಗಿಯ ವಿಷಯ ಹೇಳಿದೆ. ಮೂರು ದಿನವೂ ಬಂದಳು, ಬೇಡ ಅಂದಳು, ನಾನು ಬಲವಂತ ಮಾಡಲಿಲ್ಲ ಎಂದೆ. ಅಮ್ಮ ನನ್ನನ್ನೇ ನೋಡಿದಳು.

“ಸ್ಟಿಕ್ಕರ್‌ಗೋಸ್ಕರ ಮೂರು ದಿನ ಯಾರೇ ಬರ್ತಾರೆ? ಒಂದೇ ಸಲಕ್ಕೆ ಹೂಂ ಅಂದ್ಬಿಟ್ರೆ ಆಸೆಬುರುಕಿ ಅಂದ್ಕೋತಾರೆ ಅಂತ ನಮ್ಮ ಕಡೆ ಮಕ್ಕಳಿಗೆ ಹೇಳ್ಕೊಟ್ಟಿರ್ತೀವಿ. ಇನ್ನೊಂದು ಸಲ ಕರೀಲಿ ಅಂತ ನಿಂತಿತ್ತು ಕಣೇ ಆ ಮಗು.”

ಬೇಡ ಅಂದವರನ್ನು ಪೀಡಿಸುವುದು ತಪ್ಪಲ್ಲವಾ ಎಂದು ವಾದಕ್ಕಿಳಿದೆ. ಸೋಲುವುದು ನನಗೆ ಅಭ್ಯಾಸವಿರಲಿಲ್ಲ.

“ಬಾಗಿಲು ಹಾಕ್ಕೊಂಡೋರನ್ನ ನಾನೂ ಕರೆಯಲ್ಲ. ನಿಂತ್ಕೊಂಡೋರನ್ನ ಕರೀಬೇಕು” ಎಂದು ಅಮ್ಮ ಮುಂದಿನ ಬ್ಲಾಕಿನ ಕಡೆ ಹೊರಟಳು.

ಶುಕ್ರವಾರ ಕ್ಲಾಸು ಮುಗಿಸಿ ಮೂರು ಗಂಟೆಗೆ ಮೂರನೇ ಮಹಡಿಗೆ ಹೋದೆ. ಹೋಗುವಾಗ ನನಗೆ ಗೆದ್ದ ಖುಷಿ. ಎರಡನೇ ಸಲ ಕೇಳುವುದೊಂದು ಬಾಕಿ, ಅವಳು ಹೂಂ ಎನ್ನುತ್ತಾಳೆ, ಹದಿನೈದಾಗುತ್ತದೆ. ಸದಸ್ಯರಾಗಲು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕಾಗಿದ್ದ ಚಿತ್ರವನ್ನು ಮೊದಲೇ ತೆರೆದಿಟ್ಟುಕೊಂಡು ಬಾಗಿಲು ತಟ್ಟಿದೆ. ಹುಡುಗಿ ತೆಗೆದಳು. ತಲೆಗೆ ಸ್ನಾನ ಮಾಡಿದ್ದಳು, ಕೂದಲು ಇನ್ನೂ ಒದ್ದೆಯಿತ್ತು. ಓದುವ ಮೇಜಿನ ಮೇಲೆ ಪುಸ್ತಕಗಳನ್ನು ಸರಿಸಿ ಲಕ್ಷ್ಮಿಯ ಸಣ್ಣ ಪಟ ಇಟ್ಟು, ಕಾಗದದ ಲೋಟದಲ್ಲಿ ಎರಡು ಹೂ ಇಟ್ಟಿದ್ದಳು. ಹಬ್ಬದ ದಿನ ಒಬ್ಬಳೇ ಇದ್ದಾಳೆ ಎನ್ನುವುದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಫೋನನ್ನು ಮುಂದೆ ಹಿಡಿದು, ಸಂಘಕ್ಕೆ ಸೇರಿಬಿಡು, ನೀನು ಬರಬೇಕು ಅಂತ ಕರೆಯುವುದಕ್ಕೇ ಬಂದೆ ಎಂದೆ.

ಅವಳು ಫೋನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಒಬ್ರು ಕಮ್ಮಿ ಇದ್ದಾರೆ ಅಂತ ಬಂದ್ರಾ ಅಕ್ಕ? ಬೋರ್ಡ್ ನೋಡ್ದೆ.”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು. ಹಾಗಾಗಿಯೇ ಸುಳ್ಳು ಹೇಳಲಾಗದೆ ಹೌದು ಎಂದೆ. ಅವಳು ತಲೆಯಾಡಿಸಿ, ಯೋಚನೆ ಮಾಡ್ತೀನಿ ಅಕ್ಕ ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಅಂಕಿ ಮಗುಚಿ ಲಿಫ್ಟಿನ ಮುಂದೆ ನಿಲ್ಲಿಸಿದವಳು ನಾನೇ. ಕೊರತೆ ತುಂಬುವುದಕ್ಕೆ ನೀನು ಬೇಕು ಎಂದು ಇಡೀ ಹಾಸ್ಟೆಲಿಗೆ ಸಾರಿ, ಆಮೇಲೆ ನೀನೇ ಬೇಕು ಎಂದು ಬಾಗಿಲಿಗೆ ಹೋದರೆ ಯಾರು ನಂಬುತ್ತಾರೆ? ಆ ಕಾರಿಡಾರಿನಲ್ಲಿ ನನಗೆ ಮೈಯೆಲ್ಲ ನಾಚಿಕೆಯಾಯಿತು.

ಕೆಳಗೆ ರೂಮಿನಲ್ಲಿ ನಮ್ಮವಳೊಬ್ಬಳು, ತನ್ನ ಕ್ಲಾಸಿನವಳೊಬ್ಬಳ ಹೆಸರನ್ನು ಸುಮ್ಮನೆ ಸೇರಿಸಿಬಿಡೋಣ, ಅವಳು ಬರುವುದೇನೂ ಬೇಡ ಎಂದಳು. ಬೇಡವೆಂದೆ. ಬೆಡೋಕ್‌ನವಳು ಗಡಿಯಾರ ನೋಡುತ್ತ, ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಐದಾಯಿತು. ಹದಿನಾಲ್ಕು ಹೆಸರಿನ ಪಟ್ಟಿ ಕಳಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು, ನಾಳೆ ಮಧ್ಯಾಹ್ನದೊಳಗೆ ರೂಮು ಖಾಲಿ ಮಾಡಿ ಎಂದು. ಇಬ್ಬರು ಅತ್ತರು. ನಾನು ಅಳಲಿಲ್ಲ. ನಾಳೆ ಎಷ್ಟು ಗಂಟೆಗೆ ಸೇರಬೇಕು, ಯಾರು ಏನು ಹೊರಬೇಕು ಎಂದು ಹಂಚಿಕೊಟ್ಟು ಹಬ್ಬಕ್ಕೆಂದು ಮನೆಗೆ ಹೋದೆ.

ಅಲ್ಲಿ ಎದುರು ಬ್ಲಾಕಿನ ಆಂಟಿ ಕಾಲ್ ಮುಗಿಸಿ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ಅಮ್ಮ ಬಂದವರಿಗೆಲ್ಲ ತಾಂಬೂಲ ಕೊಟ್ಟು ಮುಗಿಸಿದ ಮೇಲೆ ನಾನು ನಡೆದದ್ದನ್ನು ಹೇಳಿದೆ. ಅಮ್ಮ ಬಯ್ಯಲಿಲ್ಲ. ಎಲೆ, ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಕಣ, ಕಾಗದದಲ್ಲಿ ಕಟ್ಟಿದ ಅರಿಶಿನ ಕುಂಕುಮ, ಇಷ್ಟನ್ನೂ ಒಂದು ಚೀಲಕ್ಕೆ ಹಾಕಿ, ಆ ಮಗುವಿಗೆ ಕೊಡು ಎಂದಳು, ಅಷ್ಟೆ.

ಶನಿವಾರ ಬೆಳಿಗ್ಗೆ ರೂಮು ಖಾಲಿ ಮಾಡಿದೆವು. ಸೋಫಾ ಇಡಲು ಬೇರೆ ಜಾಗವಿಲ್ಲದೆ, ಲಿಫ್ಟಿಗೂ ಬಟ್ಟೆ ಒಗೆಯುವ ರೂಮಿಗೂ ನಡುವಿನ ಮೆಟ್ಟಿಲ ಕೆಳಗೆ ಇಟ್ಟೆವು. ಕೆಟಲ್, ಲೋಟ, ಚಾಪೆ, ಹಳದಿ ಪರದೆ ಎಲ್ಲ ಅಲ್ಲೇ. ಬಟ್ಟೆಯ ಬುಟ್ಟಿ ಹೊತ್ತು ಬಂದ ಹುಡುಗಿಯರು ನಿಂತು, ನೀವು ಯಾರು, ಇಲ್ಲಿ ಕೂರಬಹುದಾ ಎಂದು ಕೇಳತೊಡಗಿದರು. ಎರಡು ವಾರ ಮೇಳದಲ್ಲಿ ಡೋಲಿನ ಪಕ್ಕ ನಿಂತಾಗ ಬಾರದಷ್ಟು ಜನ ಆ ಒಂದು ಬೆಳಿಗ್ಗೆ ನಮ್ಮನ್ನು ಮಾತಾಡಿಸಿದರು. ಮುಚ್ಚಿದ ಬಾಗಿಲ ಹಿಂದೆ ಇಷ್ಟು ವರ್ಷ ಇದ್ದದ್ದೇ ನಮ್ಮ ತೊಂದರೆ ಎಂದು ಆಗ ಹೊಳೆಯಿತು. ಮುಂದಿನ ಸೆಮಿಸ್ಟರಿಗೆ ನಾವು ಮೂವತ್ತು ಜನ. ಯೂನಿವರ್ಸಿಟಿಯವರು ರೂಮು ವಾಪಸು ಕೊಡುತ್ತೇವೆ ಎಂದಾಗ, ಸಾಮಾನು ಇಡುವುದಕ್ಕೆ ಮಾತ್ರ ಸಾಕು ಎಂದೆವು. ಆಫೀಸಿನಲ್ಲಿ ನಾನು ಹೇಳುವುದು ಇಲ್ಲಿಯವರೆಗಿನ ಕಥೆ. ಎಲ್ಲರೂ ತಲೆದೂಗುತ್ತಾರೆ.

ಆದರೆ ಆ ಶನಿವಾರ, ಸೋಫಾ ಇಳಿಸಿದ ಮೇಲೆ, ಬೆಡೋಕ್‌ನವಳು ನನ್ನ ಕೈಯಲ್ಲಿದ್ದ ಚೀಲ ನೋಡಿ ಯಾರಿಗೆಂದು ಕೇಳಿದಳು. ಹೇಳಿದೆ. ಈಗ ಹೋದರೆ ಯಾವ ಉಪಯೋಗವೂ ಇಲ್ಲ, ಅವಳು ನಿನ್ನೆಯೇ ಬಾಗಿಲು ಹಾಕಿಕೊಂಡಾಯಿತು ಎಂದೂ ಹೇಳಿದೆ. ನಿನಗೆ ನಾನು ಎಷ್ಟು ದಿನ ಗಂಜಿ ತಂದೆ ಎಂದು ಅವಳು ಕೇಳಿದಳು. ನಾನು ಮೆಟ್ಟಿಲು ಹತ್ತಿದೆ.

ಮೈಸೂರಿನ ಹುಡುಗಿ ಬಾಗಿಲು ತೆಗೆದಾಗ ನನ್ನ ಕೈಯಲ್ಲಿ ಫೋನಿರಲಿಲ್ಲ. ಹಬ್ಬದ ತಾಂಬೂಲ, ಅಮ್ಮ ಕಳಿಸಿದ್ದು ಎಂದೆ. ಅವಳು ತಬ್ಬಿಬ್ಬಾಗಿ ತನ್ನ ಟೀ ಶರ್ಟು ನೋಡಿಕೊಂಡಳು. ತಾಂಬೂಲ ತೆಗೆದುಕೊಳ್ಳಲು ಸೆರಗಿಲ್ಲ. ಕುರ್ಚಿಯ ಮೇಲಿದ್ದ ಟವೆಲನ್ನು ಎಳೆದುಕೊಂಡು, ಎರಡೂ ಕೈಯ ಮೇಲೆ ಹರಡಿ ಒಡ್ಡಿದಳು. ಅದರೊಳಗೆ ಇಟ್ಟೆ. ಹಣೆಗೆ ಕುಂಕುಮ ಇಟ್ಟೆ. ಅವಳ ಕಣ್ಣು ತುಂಬಿತು.

“ಟೈಮ್ ಮುಗೀತಲ್ಲ ಅಕ್ಕ?”

“ಮುಗೀತು. ರೂಮೂ ಹೋಯ್ತು. ನಾವೆಲ್ಲ ಕೆಳಗೆ ಮೆಟ್ಟಿಲ ಹತ್ರ ಕೂತಿದ್ದೀವಿ. ನೀನೂ ಬಾ.”

“ಬೇಡ ಅಕ್ಕ, ನಿಮಗ್ಯಾಕೆ ತೊಂದ್ರೆ.”

ನಾನು ಅಲ್ಲೇ ನಿಂತೆ. ಅಮ್ಮನ ಹಾಗೆ ಮಂಡಿನೋವು ವಿಚಾರಿಸುವಂತಿರಲಿಲ್ಲ. ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೆ ಎಂದು ಕೇಳಿದೆ. ಒಬ್ಬಟ್ಟು ಎಂದಳು. ನಿನ್ನೆ ಅಮ್ಮ ವಿಡಿಯೋದಲ್ಲಿ ತೋರಿಸಿದರು ಎಂದಳು. ನಮ್ಮ ಮನೆಯದೂ ಒಂದಷ್ಟು ಕೆಳಗೆ ಡಬ್ಬಿಯಲ್ಲಿದೆ, ತಿಂದುಕೊಂಡು ಬರುವೆಯಂತೆ, ಬಾ ಎಂದೆ. ಅವಳು ತಾಂಬೂಲವನ್ನು ಪಟದ ಮುಂದೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡಳು.

ಕೆಳಗೆ ಬಂದವಳೇ ಮೊದಲು ನೋಡಿದ್ದು ಗೋಡೆಗೆ ಒರಗಿಸಿದ್ದ ಬೋರ್ಡನ್ನು. ಎಡಗಡೆ ಇನ್ನೂ ಹದಿನಾಲ್ಕೇ ಇತ್ತು. ಅಂಕಿ ಮಗುಚುತ್ತಾಳೇನೋ ಎಂದುಕೊಂಡೆ. ಅವಳು ಅದನ್ನು ಅಡ್ಡ ಮಲಗಿಸಿ, ಧೂಳು ಒರೆಸಿ, ಅದರ ಮೇಲೆ ಲೋಟಗಳನ್ನು ಜೋಡಿಸಿದಳು. ಕೆಟಲಿನ ನೀರು ಕುದಿಯುತ್ತಲೇ ಪ್ಯಾಕೆಟ್ ಕಾಫಿ ಕಲಸಿ ಎಲ್ಲರಿಗೂ ಕೊಟ್ಟಳು. ನಾನು ಉಳಿದ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದೆ. ನನಗೂ ಒಂದು ಲೋಟ ತಂದಳು. ಬೇಡ, ಪರವಾಗಿಲ್ಲ, ನನಗೆ ಇನ್ನೂ ಕೆಲಸವಿದೆ ಎಂದೆ. ನಿಜವಾಗಿಯೂ ಇತ್ತು.

ಅವಳು ಹೋಗಲಿಲ್ಲ. ಲೋಟ ಹಿಡಿದು ಅಲ್ಲೇ ನಿಂತಿದ್ದಳು. “ಕೂತ್ಕೊಳ್ಳಿ ಅಕ್ಕ, ಕುಡಿದು ಹೋಗೋರಂತೆ” ಎಂದಳು.

ಪೆಟ್ಟಿಗೆ ಕೆಳಗಿಟ್ಟು ಸೋಫಾದ ಮೇಲೆ ಕೂತೆ. ಲೋಟ ಕೈಗೆ ಬಂದಮೇಲೆ, ಶುಕ್ರವಾರ ಐದು ಗಂಟೆಯಿಂದ ತಡೆದುಕೊಂಡಿದ್ದ ಅಳು ಬಂತು. ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಹುಡುಗಿ ಎದ್ದು ಇನ್ನೊಂದಿಷ್ಟು ನೀರು ಕಾಯಿಸಲು ಇಟ್ಟಳು.